ದೊಡ್ಡಪ್ಪನ ಕಾಟಾಕ್ಕೆ ಪಟ್ಟಿ ಬರೆಯೋದು ಕಲಿಸಿದ್ದು

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ದೊಡ್ಡಪ್ಪನದೊಂದು ದಲಾಲಿ ಅಂಗಡಿ ಇದೆ. ಮುಖ್ಯವಾಗಿ ಮೆಕ್ಕೆಜೋಳ. ಹಮಾಲರು ಚೀಲ ತಂದು ಕಾಟಾದ ಮೇಲೆ ಇಡುತ್ತಾರೆ, ಒಬ್ಬರು ತೂಕ ಕೂಗುತ್ತಾರೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ಕೊನೆಗೆ ಕ್ಯಾಲ್ಕುಲೇಟರ್ ಹಿಡಿದು ಕೂಡಿ, ಗುಣಿಸಿ, ರೈತರಿಗೆ ಪಟ್ಟಿ, ಅಂದರೆ ತೂಕ ಮತ್ತು ದುಡ್ಡಿನ ಲೆಕ್ಕದ ಚೀಟಿ, ಕೊಡುತ್ತಾರೆ. ಸೀಸನ್‌ನಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತಾಗ ಒಂದು ಅಂಕಿ ಹೆಚ್ಚುಕಮ್ಮಿ ಆದರೆ ಜಗಳ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ಕೇಳಿದರು: "ಲೇ ತಮ್ಮಾ, ಬೆಂಗಳೂರಾಗೆ ಅದೇನೋ ಸಾಫ್ಟ್‌ವೇರ್ ಮಾಡ್ತೀಯಂತಲ್ಲ, ಈ ಕಾಟಾನೇ ಪಟ್ಟಿ ಬರಿಯಂಗೆ ಮಾಡಾಕೆ ಆಗಲ್ವೇನೋ?"

ಒಂದು ಶನಿವಾರ, ಒಂದು ಭಾನುವಾರ ಸಾಕು ಅಂದೆ. ಏಳು ವಾರ ಹಿಡಿಯಿತು. ಕೋಡ್ ಬರೆದದ್ದು ಎರಡೇ ವಾರ. ಉಳಿದ ಐದು ವಾರದಲ್ಲಿ ಹೆಚ್ಚಿನದು ಹೋದದ್ದು ಟೆಸ್ಟಿಂಗಿಗೆ. ಆಫೀಸಿನಲ್ಲಿ ಟೆಸ್ಟಿಂಗ್ ಮಾಡುವ ತಂಡವೇ ಬೇರೆ ಇರುವುದರಿಂದ ನನಗೆ ಇದರ ಬಿಸಿ ಅಷ್ಟಾಗಿ ತಟ್ಟಿರಲಿಲ್ಲ.

ಸಾಮಾನು ಜಾಸ್ತಿ ಏನಿಲ್ಲ. 300 ಕೆಜಿ ತೂಗುವ ಪ್ಲಾಟ್‌ಫಾರ್ಮ್ ಕಾಟಾ, ತೂಕವನ್ನು 50-50 ಗ್ರಾಂ ಹೆಜ್ಜೆಯಲ್ಲಿ ತೋರಿಸುವುದು. ಅದರ ಡಿಸ್‌ಪ್ಲೇ ಡಬ್ಬಿಯ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್, ಅಂದರೆ ತೂಕದ ಅಕ್ಷರಗಳನ್ನು ಒಂದರ ಹಿಂದೊಂದು ಹೊರಗೆ ಕಳಿಸುವ ಕಿಂಡಿ. ಡಬ್ಬಿಗೆ ಕಾನೂನು ಮಾಪನ ಇಲಾಖೆಯ ಸೀಲ್ ಇದೆ. ಅದನ್ನು ಬಿಚ್ಚುವ ಹಾಗಿಲ್ಲ, ಹಾಗಾಗಿ ಹಿಂದಿನ ಪೋರ್ಟ್ ಒಂದೇ ನಮಗೆ ಬಾಗಿಲು. ಒಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್, ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ಕೇಬಲ್, 80 ಮಿಲಿಮೀಟರ್ ಥರ್ಮಲ್ ಪ್ರಿಂಟರ್. ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿ, ಲೆಕ್ಕ ಉಳಿಸಲು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್. ಕಾಟಾದಿಂದ ತೂಕ ಓದುವ ಭಾಗ ನನ್ನದು. ಪಟ್ಟಿ ತಯಾರಿಸಿ ಪ್ರಿಂಟ್ ಮಾಡುವ ಭಾಗ ದೊಡ್ಡಪ್ಪನ ಮಗಳದು. ನನ್ನ ತಂಗಿ, ಇಂಜಿನಿಯರಿಂಗ್ ಮೂರನೇ ವರ್ಷ.

ಮೊದಲ ಎರಡು ವಾರ: ಒಂದೊಂದೇ ಫಂಕ್ಷನ್

ಯೂನಿಟ್ ಟೆಸ್ಟ್ ಅಂದರೆ ಇಡೀ ಪ್ರೋಗ್ರಾಂ ಬಿಟ್ಟು ಅದರ ಒಂದು ಸಣ್ಣ ತುಂಡನ್ನು, ಅಂದರೆ ಒಂದು ಫಂಕ್ಷನ್ನನ್ನು, ಮಾತ್ರ ಹಿಡಿದು ನೋಡುವುದು. ಕಾಟಾ ಬೇಡ, ಪ್ರಿಂಟರ್ ಬೇಡ, ಡೇಟಾಬೇಸೂ ಬೇಡ. ಇಷ್ಟು ತೂಕ, ಇಷ್ಟು ದರ, ಎಷ್ಟು ದುಡ್ಡು? ಬರಬೇಕಾದ ಉತ್ತರ ಮೊದಲೇ ಬರೆದಿಟ್ಟು, ಫಂಕ್ಷನ್ ಕೊಡುವ ಉತ್ತರಕ್ಕೆ ತಾಳೆ ನೋಡುವುದು. ಪೈಟೆಸ್ಟ್ ಅನ್ನುವ ಟೂಲ್ ಇದನ್ನೆಲ್ಲ ಒಂದೇ ಏಟಿಗೆ ಓಡಿಸುತ್ತದೆ. ಅರವತ್ತು ಟೆಸ್ಟ್ ಮುಗಿಯಲು ಒಂದು ಸೆಕೆಂಡೂ ಬೇಡ.

ಇಷ್ಟು ಚಿಕ್ಕ ಲೆಕ್ಕಕ್ಕೆ ಟೆಸ್ಟ್ ಯಾಕೆ ಅಂತ ನನಗೂ ಅನ್ನಿಸಿತ್ತು. ಸುಮ್ನೆ ಒಂದು ಗುಣಾಕಾರ, ಒಂದು ಭಾಗಾಕಾರ. ಕ್ವಿಂಟಲ್‌ಗೆ 2,410 ರೂಪಾಯಿ ದರ, 55 ಕೆಜಿ. ಲೆಕ್ಕ ಹಾಕಿದರೆ 1,325.50. ಐವತ್ತು ಪೈಸೆ ಬಂದರೆ ಮೇಲಿನ ರೂಪಾಯಿಗೆ ಏರಿಸಬೇಕು ಅಂತ ದೊಡ್ಡಪ್ಪ ಹೇಳಿದ್ದರು. ಪ್ರೋಗ್ರಾಂ 1,326 ಅಂದಿತು. ಸರಿ. ಮುಂದಿನ ಟೆಸ್ಟ್ 65 ಕೆಜಿ. 1,566.50 ಆಗುತ್ತದೆ, 1,567 ಬರಬೇಕು. ಬಂದದ್ದು 1,566.

ಅರ್ಧ ಗಂಟೆ ನನ್ನ ಕೋಡನ್ನೇ ಬೈದೆ. ಆಮೇಲೆ ನೆನಪಾಯಿತು. ಪೈಥಾನ್ 3ರ ರೌಂಡ್ ಫಂಕ್ಷನ್ ನಾವು ಶಾಲೆಯಲ್ಲಿ ಕಲಿತ ಹಾಗೆ ಮಾಡುವುದಿಲ್ಲ. ಸರಿಯಾಗಿ ಅರ್ಧ ಬಂದರೆ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಎರಡೂವರೆ ಕೊಟ್ಟರೆ 2, ಮೂರೂವರೆ ಕೊಟ್ಟರೆ 4. ಅದಕ್ಕೇ 55 ಕೆಜಿಗೆ ಸರಿ, 65 ಕೆಜಿಗೆ ತಪ್ಪು. ಒಂದೇ ಟೆಸ್ಟ್ ಬರೆದು ಎದ್ದುಹೋಗಿದ್ದರೆ ಈ ಒಂದು ರೂಪಾಯಿ ಜಗಳ ಅಂಗಡಿ ಕಟ್ಟೆಗೇ ಬರುತ್ತಿತ್ತು.

ಇದರ ಜೊತೆಗೆ ದಶಮಾಂಶದ ತಲೆನೋವು. ಕಂಪ್ಯೂಟರಿನ ಫ್ಲೋಟ್ (ದಶಮಾಂಶ ಸಂಖ್ಯೆಯ) ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 0.29 ಅನ್ನು 100ರಿಂದ ಗುಣಿಸಿ ಪೂರ್ಣಾಂಕ ಮಾಡಿದರೆ 29 ಅಲ್ಲ, 28. ಇದು ಪೈಥಾನ್‌ನ ತಪ್ಪಲ್ಲ. ಇಂಥ ಸಂಖ್ಯೆಗಳನ್ನು ಕಂಪ್ಯೂಟರ್ ಬಳಸುವ ಎರಡರ ಲೆಕ್ಕದಲ್ಲಿ (ಬರೀ 0 ಮತ್ತು 1) ಪೂರ್ತಿ ಬರೆಯಲು ಬರುವುದಿಲ್ಲ, ಅಷ್ಟೇ. ತೂಕವನ್ನೆಲ್ಲ ಗ್ರಾಂ ಲೆಕ್ಕದ ಪೂರ್ಣಾಂಕ ಮಾಡಿದೆ, ದುಡ್ಡನ್ನು ಪೈಸೆ ಮಾಡಿದೆ. ಕಾಟಾ ಕಳಿಸುವ ಅಕ್ಷರಗಳನ್ನು ಫ್ಲೋಟ್ ಮಾಡದೆ ನೇರ ಗ್ರಾಂಗೆ ತಿರುಗಿಸಿದೆ. ರೂಪಾಯಿಗೆ ಏರಿಸುವ ನಿಯಮ ನಾನೇ ಬರೆದೆ.

ಟೆಸ್ಟಿಗೆ ಸಂಖ್ಯೆ ಆರಿಸುವಾಗ ಅಂಚಿನವನ್ನು ಆರಿಸಬೇಕು. ನಡುವಿನವು ಹೇಗೂ ಸರಿ ಬರುತ್ತವೆ. ಸೊನ್ನೆ ಚೀಲ, ಒಂದೇ ಚೀಲ, ಕಾಟಾದ ಗರಿಷ್ಠ 300 ಕೆಜಿ, ಅದಕ್ಕಿಂತ 50 ಗ್ರಾಂ ಜಾಸ್ತಿ. ಚೀಲದ ತೂಕದಿಂದ ಖಾಲಿ ಗೋಣಿಯ ತೂಕ ಕಳೆಯಬೇಕು. ಅದಕ್ಕಿಂತ ಕಡಿಮೆ ತೂಕ ಬಂದರೆ? ನನ್ನ ಮೊದಲ ಕೋಡ್ ಪ್ರಕಾರ ರೈತರೇ ಅಂಗಡಿಗೆ ದುಡ್ಡು ಕೊಡಬೇಕಾಗಿತ್ತು.

ಮೂರನೇ ವಾರ: ಕೇಬಲ್

ಪ್ರೋಗ್ರಾಂ ಬರೆಯುವಾಗ ನಾನಿದ್ದದ್ದು ಬೆಂಗಳೂರಿನಲ್ಲಿ, ಕಾಟಾ ಇದ್ದದ್ದು ದಾವಣಗೆರೆಯಲ್ಲಿ. ಅದಕ್ಕೆ ಒಂದು ಸುಳ್ಳು ಕಾಟಾ ಮಾಡಿಕೊಂಡಿದ್ದೆ. ಒಂದು ಫೈಲಿನಿಂದ ಸಾಲು ಸಾಲಾಗಿ ತೂಕ ಓದಿ ಕಳಿಸುವ ಪುಟ್ಟ ಪ್ರೋಗ್ರಾಂ. ಅದರ ಜೊತೆ ಎಲ್ಲ ಬೆಣ್ಣೆಯ ಹಾಗೆ ನಡೆಯಿತು. ಶನಿವಾರ ಬೆಳಿಗ್ಗೆ ರೈಲಿಳಿದು, ದೋಸೆ ತಿಂದು, ನೇರ ಯಾರ್ಡಿಗೆ ಹೋಗಿ ನಿಜವಾದ ಕಾಟಾಕ್ಕೆ ಕೇಬಲ್ ಚುಚ್ಚಿದೆ. ಒಂದಕ್ಷರವೂ ಬರಲಿಲ್ಲ.

ಇಲ್ಲಿ ಒಂದು ಹಳೆಯ ಉಪಾಯ ಇದೆ. ಕೇಬಲ್ಲನ್ನು ಕಾಟಾದಿಂದ ಬಿಚ್ಚಿ, ಅದರ ತುದಿಯ 2 ಮತ್ತು 3ನೇ ಪಿನ್ನುಗಳನ್ನು ಒಂದು ಸಣ್ಣ ತಂತಿಯಿಂದ ಸೇರಿಸಿದೆ. ಲ್ಯಾಪ್‌ಟಾಪಿನ ಕಡೆ 2 ಕೇಳಿಸಿಕೊಳ್ಳುವ ಪಿನ್, 3 ಮಾತಾಡುವ ಪಿನ್, 5 ಗ್ರೌಂಡ್. ಎರಡನ್ನೂ ಸೇರಿಸಿದರೆ ನಾವು ಕಳಿಸಿದ್ದು ನಮಗೇ ವಾಪಸ್ ಬರಬೇಕು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದು ಹಾಗೇ ತಿರುಗಿ ಬಂತು. ಅಂದರೆ ಕೇಬಲ್ ಸರಿ, ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಸರಿ. ತೊಂದರೆ ಕಾಟಾದ ಕಡೆ. ಮಲ್ಟಿಮೀಟರ್ ಹಿಡಿದು ನೋಡಿದರೆ ಕಾಟಾ ಕೂಡ 3ನೇ ಪಿನ್ನಿನಲ್ಲೇ ಮಾತಾಡುತ್ತಿತ್ತು. ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡಿದರೆ ಕೇಳಿಸಿಕೊಳ್ಳುವವರು ಯಾರು? 2 ಮತ್ತು 3 ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಈಗ ಅಕ್ಷರ ಬಂತು, ಆದರೆ ಬರೀ ಕಸ. ಪ್ರೋಗ್ರಾಂನಲ್ಲಿ ವೇಗ ಸೆಕೆಂಡಿಗೆ 9600 ಬಿಟ್ ಇಟ್ಟಿದ್ದೆ, ಕಾಟಾ ಕಳಿಸುತ್ತಿದ್ದದ್ದು 2400ರಲ್ಲಿ. ಅದನ್ನು ಬದಲಿಸಿದ ಮೇಲೆ ಪರದೆ ಮೇಲೆ ಮೊದಲ ತೂಕ ಬಂತು. 20 ಕೆಜಿ ತೂಕದ ಕಲ್ಲು ಇಟ್ಟೆ. 20.35 ತೋರಿಸಿತು.

ಆ 350 ಗ್ರಾಂ ಎಲ್ಲಿಂದ ಬಂತು ಅಂತ ಕೇಳುವಷ್ಟರಲ್ಲಿ ಹಮಾಲಿ ಅಣ್ಣ ಬಗ್ಗಿ ಕೈಯಿಂದ ಕಾಟಾದ ತಟ್ಟೆ ಸವರಿದರು. ಚೆಲ್ಲಿದ್ದ ಒಂದೆರಡು ಹಿಡಿ ಮೆಕ್ಕೆಜೋಳ ಕೆಳಗೆ ಬಿತ್ತು. 20.00.

ಇದು ನನಗೆ ಬರೀ ತಮಾಷೆಯಾಗಿ ಉಳಿಯಲಿಲ್ಲ. ಒಂದು ಚೀಲ ಹೋಗಿ ಇನ್ನೊಂದು ಬಂತು ಅಂತ ಗೊತ್ತಾಗಲು ನನ್ನ ಪ್ರೋಗ್ರಾಂ ನಡುವೆ ತೂಕ ಸೊನ್ನೆಗೆ ಇಳಿಯುವುದನ್ನು ಕಾಯುತ್ತಿತ್ತು. ಸುಳ್ಳು ಕಾಟಾ ಪ್ರತಿ ಸಲ ಶಿಸ್ತಾಗಿ ಸೊನ್ನೆಗೆ ಇಳಿಯುತ್ತಿತ್ತು, ಯಾಕೆಂದರೆ ಅದನ್ನು ಬರೆದವನು ನಾನೇ. ನಿಜವಾದ ಕಾಟಾದ ಮೇಲೆ ಕಾಳು ಚೆಲ್ಲಿರುತ್ತದೆ. ಅದು ಸೊನ್ನೆ ಕಾಣುವುದೇ ಅಪರೂಪ. ಮೊದಲ ಚೀಲ ತೂಗಿ ಆದಮೇಲೆ ಪ್ರೋಗ್ರಾಂ ಸೊನ್ನೆಗಾಗಿ ಕಾಯುತ್ತಾ ಕೂತಿತು, ಇತ್ತ ಹಮಾಲರು ನಾಲ್ಕು ಚೀಲ ತೂಗಿ ಇಳಿಸಿಬಿಟ್ಟಿದ್ದರು. ಈಗ ಎರಡು ಕೆಜಿಗಿಂತ ಕಡಿಮೆ ಇದ್ದರೆ ಖಾಲಿ ಅಂತ ತಿಳಿಯುತ್ತದೆ. ಖಾಲಿ ಇದ್ದಾಗಲೂ ನೂರು ಗ್ರಾಂ ಮೇಲೆ ತೋರಿಸಿದರೆ ಪರದೆಯಲ್ಲಿ "ಕಾಟಾ ಗುಡಿಸಿ" ಅಂತ ಬರುತ್ತದೆ.

ಇನ್ನೂ ಎರಡು ಗುಣ ಸುಳ್ಳು ಕಾಟಾಕ್ಕೆ ಇರಲಿಲ್ಲ. ನಿಜವಾದದ್ದು ಪ್ರತಿ ಸಾಲಿನ ಮುಂದೆ ತೂಕ ನಿಂತಿದೆಯೋ ಅಲುಗಾಡುತ್ತಿದೆಯೋ ಅನ್ನುವ ಗುರುತನ್ನೂ ಕಳಿಸುತ್ತದೆ. ನಿಂತ ತೂಕವನ್ನು ಮಾತ್ರ ತೆಗೆದುಕೊಳ್ಳಬೇಕು. ಮತ್ತೆ, ಒಂದು ಸಾಲು ಒಂದೇ ಸಲಕ್ಕೆ ಬರುತ್ತದೆ ಅಂತೇನಿಲ್ಲ. 52.35 ಅನ್ನುವುದು ಮೊದಲು 52 ಆಗಿ, ಆಮೇಲೆ ಚುಕ್ಕಿ, 35 ಆಗಿ ಎರಡು ತುಂಡಾಗಿ ಬರಬಹುದು. ಸಾಲು ಮುಗಿದ ಗುರುತು ಬರುವ ತನಕ ಕೂಡಿಹಾಕಿಕೊಂಡೇ ಓದಬೇಕು.

ಆ ಸಂಜೆಯೇ ಲಕ್ಷದ ಚೀಲ

ಸಂಜೆ ತಂಗಿಯ ಭಾಗವನ್ನೂ ನನ್ನ ಭಾಗವನ್ನೂ ಸೇರಿಸಿದೆವು. ಅವಳ ಯೂನಿಟ್ ಟೆಸ್ಟೆಲ್ಲ ಪಾಸ್. ನನ್ನವೂ ಪಾಸ್. 2,400 ದರ ಹಾಕಿ, ಗೋಣಿ ಕಳೆದು 52 ಕೆಜಿ ಬರುವ ಒಂದು ಚೀಲ ಇಟ್ಟೆವು. ಪಟ್ಟಿ ಬಂತು: 1,24,800 ರೂಪಾಯಿ.

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. "ಒಂದು ಚೀಲಕ್ಕೆ ಇಷ್ಟು ಅಂದ್ರೆ, ನಾನು ಅಂಗಡಿ ಮುಚ್ಚಿ ಹೊಲಕ್ಕೆ ಹೋಗ್ತೀನಿ ಬಿಡಪಾ."

ನನ್ನ ಭಾಗದ ಒಳಗೆ ಗ್ರಾಂ ಇದ್ದರೂ ಅವಳ ಭಾಗಕ್ಕೆ ನಾನು ತೂಕವನ್ನು ಕೆಜಿಯಲ್ಲಿ ಕೊಟ್ಟಿದ್ದೆ. ದರ ಕ್ವಿಂಟಲ್ ಲೆಕ್ಕದಲ್ಲಿ ಇರುವುದರಿಂದ ಅವಳು ತೂಕವೂ ಕ್ವಿಂಟಲ್‌ನಲ್ಲೇ ಬರುತ್ತದೆ ಅಂದುಕೊಂಡಿದ್ದಳು. ಬರಬೇಕಾದದ್ದು 1,248, ಬಂದದ್ದು ಸರಿಯಾಗಿ ನೂರು ಪಟ್ಟು. ಇಬ್ಬರ ಕೋಡೂ ಅದರ ಪಾಡಿಗೆ ಸರಿ. ತಪ್ಪು ಇದ್ದದ್ದು ಎರಡರ ನಡುವಿನ ಸಂದಿನಲ್ಲಿ, ಯೂನಿಟ್ ಟೆಸ್ಟಿನ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಇಂಟಿಗ್ರೇಷನ್ ಟೆಸ್ಟ್ ಅನ್ನುವುದು ಈ ಸಂದು ನೋಡಲಿಕ್ಕೇ ಇರುವುದು.

ತಂಗಿ ಮುಖ ಸಪ್ಪೆ ಮಾಡಿಕೊಂಡಳು. ಅವಳಿಗೆ ನಾಸಾದ ಕತೆ ಹೇಳಿದೆ. ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅಂತ ಒಂದು ನೌಕೆ. 1998ರ ಡಿಸೆಂಬರ್‌ನಲ್ಲಿ ಹೊರಟು, 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಹತ್ತಿರ ಕಳೆದೇಹೋಯಿತು. ಭೂಮಿಯ ಮೇಲಿದ್ದ ಒಂದು ಸಾಫ್ಟ್‌ವೇರ್ ನೂಕುಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಡುತ್ತಿತ್ತು. ಅದನ್ನು ಓದುವ ಇನ್ನೊಂದು ಸಾಫ್ಟ್‌ವೇರ್ ನ್ಯೂಟನ್ ಮಾನ ಅಂತ ತಿಳಿದಿತ್ತು. ತಿಂಗಳುಗಟ್ಟಲೆ ಆ ವ್ಯತ್ಯಾಸ ಸೇರುತ್ತಾ ಹೋಗಿ ನೌಕೆ ಗ್ರಹಕ್ಕೆ ತೀರಾ ಹತ್ತಿರ ಇಳಿದುಬಿಟ್ಟಿತು. ನಮ್ಮದು ಒಂದು ಚೀಲ ಮೆಕ್ಕೆಜೋಳ ಮಾತ್ರ ಅಂದೆ. ನಕ್ಕಳು. ಈಗ ಎರಡು ಭಾಗದ ನಡುವೆ ಹೋಗುವುದು ಗ್ರಾಂ ಮಾತ್ರ, ಕೋಡಿನಲ್ಲಿ ಆ ತೂಕಕ್ಕೆ ಇಟ್ಟ ಹೆಸರಿನಲ್ಲೇ "ಗ್ರಾಂ" ಅನ್ನುವ ಪದ ಸೇರಿದೆ.

ಐದನೇ ವಾರ: ಎಲ್ಲ ಒಟ್ಟಿಗೆ

ನಡುವೆ ಒಂದು ವಾರ ಆಫೀಸ್ ಕೆಲಸದಲ್ಲಿ ಹೋಯಿತು. ಐದನೇ ವಾರ ಅಂಗಡಿಯ ಲ್ಯಾಪ್‌ಟಾಪಿಗೇ ಎಲ್ಲ ಹಾಕಿ, ಕಾಟಾದಿಂದ ಹಿಡಿದು ಕೈಗೆ ಬರುವ ಪಟ್ಟಿಯವರೆಗೆ ನೋಡಿದೆವು. ಇದು ಸಿಸ್ಟಮ್ ಟೆಸ್ಟ್. ಇಲ್ಲಿ ಒಳಗೆ ಯಾವ ಫಂಕ್ಷನ್ ಏನು ಮಾಡುತ್ತದೆ ಅನ್ನುವುದು ಬೇಕಿಲ್ಲ. ಚೀಲ ಇಟ್ಟರೆ ಪಟ್ಟಿ ಬರಬೇಕು, ಅಷ್ಟೇ.

ಪಟ್ಟಿ ಬಂತು. ಆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. "ಮೆಕ್ಕೆಜೋಳ" ಇದ್ದದ್ದು ಕಾಗುಣಿತ ಬಾರದ ಮಗು ಬರೆದ ಹಾಗೆ, ಕ ಒಂದು ಕಡೆ, ಒತ್ತು ಒಂದು ಕಡೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಬರುತ್ತಿತ್ತು! ನಮ್ಮ ಪ್ರಿಂಟರ್ ಒಳಗೆ ಕನ್ನಡ ಫಾಂಟ್ ಇಲ್ಲ. ಹಾಗಾಗಿ ಪಟ್ಟಿಯನ್ನು ಒಂದು ಚಿತ್ರ ಮಾಡಿ, ಅಡ್ಡಕ್ಕೆ 576 ಚುಕ್ಕಿಯ ಲೆಕ್ಕದಲ್ಲಿ ಕಳಿಸುತ್ತೇವೆ. ಚಿತ್ರ ಬಿಡಿಸುವುದು ಪಿಲ್ಲೋ ಅನ್ನುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಒತ್ತಕ್ಷರ ಜೋಡಿಸಲು ಅದಕ್ಕೆ ರಾಕ್ಮ್ ಅನ್ನುವ ಇನ್ನೊಂದು ಲೈಬ್ರರಿ ಬೇಕು, ರಾಕ್ಮ್‌ಗೆ ಫ್ರಿಬಿಡಿ ಅನ್ನುವ ಮತ್ತೊಂದು ಬೇಕು. ವಿಂಡೋಸ್‌ನಲ್ಲಿ ಫ್ರಿಬಿಡಿಯ ಫೈಲನ್ನು ನಾವೇ ತಂದು ಇಡಬೇಕು. ಅದು ಸಿಗದಿದ್ದರೆ ಪಿಲ್ಲೋ ಜಗಳ ಮಾಡುವುದಿಲ್ಲ, ಬಾಯಿಮುಚ್ಚಿಕೊಂಡು ಅಕ್ಷರಗಳನ್ನು ಸಾಲಾಗಿ ಇಟ್ಟುಬಿಡುತ್ತದೆ. ಈಗ ಪ್ರೋಗ್ರಾಂ ಶುರುವಾಗುವಾಗಲೇ ರಾಕ್ಮ್ ಇದೆಯಾ ಅಂತ ಕೇಳುತ್ತದೆ. ಇಲ್ಲದಿದ್ದರೆ ಶುರುವಾಗುವುದೇ ಇಲ್ಲ.

ಆಮೇಲೆ ನನಗೆ ಇಷ್ಟದ ಟೆಸ್ಟ್: ಪಟ್ಟಿ ಅರ್ಧ ಆಗಿರುವಾಗ ಮೇನ್ ಸ್ವಿಚ್ ಆಫ್. ನಮ್ಮ ಕಡೆ ಕರೆಂಟ್ ಹೇಗೂ ಹೋಗುತ್ತದೆ, ನಾವೇ ತೆಗೆದು ನೋಡುವುದು ಒಳ್ಳೆಯದು ಅಲ್ವಾ? ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪ್ರಿಂಟರಿಗೆ ಇಲ್ಲ. ಕರೆಂಟ್ ಬಂದ ಮೇಲೆ ಒಂದೇ ಪಟ್ಟಿ ಎರಡು ಸಲ ಪ್ರಿಂಟ್ ಆಯಿತು, ಎರಡಕ್ಕೂ ಬೇರೆ ಬೇರೆ ನಂಬರ್. ಲೆಕ್ಕದಲ್ಲಿ ರೈತರಿಗೆ ಎರಡು ಸಲ ದುಡ್ಡು ಹೋಗಬೇಕು ಅಂತಾಯಿತು. ಈಗ ನಂಬರ್ ಮೊದಲೇ ಡೇಟಾಬೇಸಿನಲ್ಲಿ ಗಟ್ಟಿಯಾಗುತ್ತದೆ, ಪ್ರಿಂಟ್ ಆಮೇಲೆ. ಎರಡನೇ ಸಲ ಪ್ರಿಂಟ್ ಮಾಡಿದರೆ ಮೇಲ್ಗಡೆ "ನಕಲು" ಅಂತ ಬರುತ್ತದೆ. ಯುಎಸ್‌ಬಿ ಕೇಬಲ್ ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಅದಕ್ಕೆ ಬೇರೆ ಪೋರ್ಟ್ ನಂಬರ್ ಕೊಡುತ್ತದೆ, ಅದನ್ನೂ ಸರಿ ಮಾಡಿದೆವು. ಪೇಪರ್ ಮುಗಿದಾಗ ಏನಾಗುತ್ತದೆ ಅಂತಲೂ ನೋಡಿದೆವು, ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಕೊನೆಯ ಎರಡು ವಾರ: ಗುಮಾಸ್ತರು

ಅಕ್ಸೆಪ್ಟೆನ್ಸ್ ಟೆಸ್ಟ್ ಮಾಡಬೇಕಾದವರು ನಾವಲ್ಲ, ಬಳಸುವವರು. ಹಿಂದಿನ ಮೂರೂ ಹಂತದಲ್ಲಿ ಕೇಳಿದ್ದು "ನಾವು ಅಂದುಕೊಂಡ ಹಾಗೆ ಮಾಡಿದ್ದೇವಾ" ಅಂತ. ಇಲ್ಲಿ ಕೇಳುವುದು "ನಾವು ಅಂದುಕೊಂಡದ್ದೇ ಸರಿನಾ" ಅಂತ. ಗುಮಾಸ್ತರು ಎಂದಿನಂತೆ ಕೈಯಲ್ಲಿ ಬರೆಯುವುದು, ಪಕ್ಕದಲ್ಲೇ ಮಷಿನ್ನೂ ಬರೆಯುವುದು, ಸಂಜೆ ತಾಳೆ ನೋಡುವುದು ಅಂತ ಗೊತ್ತುಮಾಡಿದೆವು.

ಹತ್ತು ನಿಮಿಷವೂ ನಡೆಯಲಿಲ್ಲ. ಹಮಾಲಿ ಅಣ್ಣ ಎರಡು ಚೀಲ ಒಟ್ಟಿಗೆ ಕಾಟಾದ ಮೇಲೆ ಇಟ್ಟರು.

"ಅಣ್ಣಾ, ಒಂದೊಂದೇ ಇಡಿ" ಅಂದೆ.

"ಒಂದೊಂದೇ ಇಟ್ಕೊಂಡು ಕುಂತ್ರೆ ರಾತ್ರಿ ಆಗ್ತೈತೆ. ಯಾವಾಗ್ಲೂ ಹಿಂಗೇ ತೂಗೋದು" ಅಂದರು, ನನ್ನ ಕಡೆ ನೋಡದೆಯೇ.

ಒಂದು ಸಲ ತೂಗಿದರೆ ಒಂದು ಚೀಲ ಅನ್ನುವುದು ನನ್ನ ಇಡೀ ಪ್ರೋಗ್ರಾಂನ ಅಡಿಪಾಯ. ಎರಡು ಚೀಲ ಇಟ್ಟಾಗ ಅದು ಒಂದೇ ಗೋಣಿಯ ತೂಕ ಕಳೆಯುತ್ತಿತ್ತು. ಯೂನಿಟ್ ಟೆಸ್ಟ್ ಪಾಸ್, ಇಂಟಿಗ್ರೇಷನ್ ಪಾಸ್, ಸಿಸ್ಟಮ್ ಪಾಸ್. ಎಲ್ಲ ಸೇರಿ ತಪ್ಪನ್ನೇ ಸರಿಯಾಗಿ ಮಾಡುತ್ತಿದ್ದವು. 80 ಕೆಜಿ ದಾಟಿದರೆ ಎರಡು ಚೀಲ ಅಂತ ಪ್ರೋಗ್ರಾಂ ತಾನೇ ಊಹಿಸಲಿ ಅಂತ ನಾನು ಜಾಣತನ ತೋರಿಸಲು ಹೋದೆ. ಗುಮಾಸ್ತರು ತಲೆಯಾಡಿಸಿದರು. ಒಬ್ಬರು ಚೀಲಕ್ಕೆ ಎಪ್ಪತ್ತು ಕೆಜಿ ತುಂಬಿ ಹೊಲಿದಿರುತ್ತಾರೆ, ಇನ್ನೊಬ್ಬರದು ಮೂವತ್ತೈದೂ ಇರುವುದಿಲ್ಲ, ಎರಡಿಟ್ಟರೂ ಎಪ್ಪತ್ತು ಆಗಲ್ಲ ಅಂದರು. ಊಹೆ ಕೈಬಿಟ್ಟೆ. ನಂಬರ್ ಕೀಲಿಗಳಿರುವ ಪುಟ್ಟ ಕೀಪ್ಯಾಡ್ ತಂದು, ಒಂದು, ಎರಡು, ಮೂರು ಒತ್ತಿದರೆ ಅಷ್ಟು ಚೀಲ ಅಂತ ಮಾಡಿದೆ. ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೇವೆ, ಯಾಕೆಂದರೆ ಸಂಜೆ ಹೊತ್ತು ಅಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬರುತ್ತದೆ.

ಇದನ್ನು ಬದಲಿಸಿದ ಮೇಲೆ ಹಳೇ ಟೆಸ್ಟುಗಳನ್ನೆಲ್ಲ ಮತ್ತೆ ಓಡಿಸಿದೆ. ರಿಗ್ರೆಷನ್ ಅಂತಾರೆ ಇದಕ್ಕೆ. ಹೊಸದನ್ನು ಕಟ್ಟುವಾಗ ಹಳೆಯದು ಕುಸಿಯಿತಾ ಅಂತ ನೋಡುವುದು. ಐದು ಟೆಸ್ಟ್ ಫೇಲಾದವು. ನಾಲ್ಕು ಬರೀ ಹಳೇ ಲೆಕ್ಕ ಹಿಡಿದು ಕೂತಿದ್ದವು, ಅವನ್ನು ತಿದ್ದಿದೆ. ಐದನೆಯದು ನಿಜವಾದ ತಪ್ಪು ಹಿಡಿದಿತ್ತು: ಚೀಲದ ಸಂಖ್ಯೆ ಒತ್ತದೇ ಇದ್ದರೆ ಸೊನ್ನೆ ಚೀಲ ಅಂತ ಆಗಿ, ಗೋಣಿ ತೂಕ ಕಳೆಯುವುದೇ ನಿಂತುಹೋಗುತ್ತಿತ್ತು.

ಗುಮಾಸ್ತರ ಇನ್ನೊಂದು ತಕರಾರು ಪಟ್ಟಿ ನಂಬರಿನದು. ನಾನು ಏಪ್ರಿಲ್ 1ಕ್ಕೆ ಮತ್ತೆ ಒಂದರಿಂದ ಶುರುವಾಗುವಂತೆ ಮಾಡಿದ್ದೆ. "ತೆರಿಗೆ ಲೆಕ್ಕ ನಿಮ್ಮ ಏಪ್ರಿಲ್‌ಗೆ ಇರಲಿ. ನಮ್ಮ ಅಂಗಡೀಲಿ ಪಟ್ಟಿ ಪುಸ್ತಕ ಬದಲಾಗೋದು ದೀಪಾವಳಿ ಲಕ್ಷ್ಮಿ ಪೂಜೆಗೆ" ಅಂದರು. ದೀಪಾವಳಿ ತಾರೀಖು ಪ್ರತಿ ವರ್ಷ ಬೇರೆ. ಅದಕ್ಕೆ ಕೋಡ್ ಬರೆಯಲು ಹೋಗದೆ "ಹೊಸ ಪುಸ್ತಕ" ಅಂತ ಒಂದು ಬಟನ್ ಕೊಟ್ಟೆ. ಪೂಜೆ ಆದಮೇಲೆ ಅವರೇ ಒತ್ತುತ್ತಾರೆ.

ಇದನ್ನೆಲ್ಲ ಮೊದಲ ದಿನವೇ ಕೇಳಬಹುದಿತ್ತು. ನಾನು ಶುರು ಮಾಡಿದ್ದು ಲ್ಯಾಪ್‌ಟಾಪಿನಿಂದ, ಗುಮಾಸ್ತರ ಹತ್ತಿರ ಹೋದದ್ದು ಕೊನೆಗೆ. ಅಕ್ಸೆಪ್ಟೆನ್ಸ್ ಟೆಸ್ಟ್ ನಡೆಯುವುದು ಕೊನೆಗೇ ಆದರೂ, ಏನನ್ನು ಒಪ್ಪುತ್ತಾರೆ ಅನ್ನುವುದನ್ನು ಕೋಡ್ ಶುರುವಾಗುವ ಮುಂಚೆ ಬರೆದುಕೊಳ್ಳಬೇಕು. ಇದನ್ನು ಕಾಲೇಜಿನಲ್ಲಿ ವಿ ಆಕಾರದ ಚಿತ್ರ ಬರೆದು, ಎಡಗಡೆ ಕೆಲಸದ ಹಂತ, ಬಲಗಡೆ ಅದಕ್ಕೆ ತಕ್ಕ ಟೆಸ್ಟ್ ಅಂತ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ನಾನೂ ಅದೇ ಚಿತ್ರ ಬರೆದು ಪಾಸಾಗಿದ್ದೆ.

ಈಗ ಲೆಕ್ಕ ಹೀಗಿದೆ: ಯೂನಿಟ್ ಟೆಸ್ಟ್ 74, ಇಂಟಿಗ್ರೇಷನ್ 11. ಸುಳ್ಳು ಕಾಟಾಕ್ಕೆ ಕಾಳು ಚೆಲ್ಲುವುದು, ಅಲುಗಾಡುವುದು, ಸಾಲು ತುಂಡು ಮಾಡುವುದು ಎಲ್ಲ ಕಲಿಸಿದ್ದೇನೆ. ಸಿಸ್ಟಮ್ ಟೆಸ್ಟಿನಲ್ಲಿ ನೋಡಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಹೊಸ ಆವೃತ್ತಿ ಹಾಕಿದಾಗಲೆಲ್ಲ ತಂಗಿ ಮೇನ್ ಸ್ವಿಚ್ ತೆಗೆದು ನೋಡುತ್ತಾಳೆ. ಕೊನೆಯ ನಾಲ್ಕು ದಿನ ಕೈ ಪಟ್ಟಿಗೂ ಮಷಿನ್ ಪಟ್ಟಿಗೂ ಒಂದು ರೂಪಾಯಿ ವ್ಯತ್ಯಾಸ ಬರಲಿಲ್ಲ. ಆದರೂ ಗುಮಾಸ್ತರು ಪೆನ್ನು ಕೆಳಗಿಟ್ಟಿಲ್ಲ, ಈ ಸೀಸನ್ ಪೂರ್ತಿ ಎರಡೂ ನಡೆಯಲಿ ಅಂದಿದ್ದಾರೆ. ಚೀಲ ತಗುಲಿ ಸೀರಿಯಲ್ ಕೇಬಲ್ ಪದೇಪದೇ ಸಡಿಲ ಆಗುತ್ತಿತ್ತು. ಸದ್ಯಕ್ಕೆ ಹಮಾಲಿ ಅಣ್ಣ ಅದನ್ನು ಗೋಣಿದಾರದಲ್ಲಿ ಕಾಟಾದ ಕಂಬಕ್ಕೆ ಬಿಗಿದಿದ್ದಾರೆ.